ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ಹೊತ್ತು ಎಷ್ಟು?

ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು, ಅದೇ ತಾರೀಖಿನ ಸಂಜೆ 5.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುವ ಟಿಕೆಟ್ ನಿಮ್ಮ ಕೈಯಲ್ಲಿದೆ ಎಂದಿಟ್ಟುಕೊಳ್ಳಿ. ಮೂರೂವರೆ ಗಂಟೆಯಲ್ಲಿ ಅಮೆರಿಕವೇ? ಲೆಕ್ಕ ಹಾಕಿ ನೋಡೋಣ.

ಮೊದಲು ದೂರ. ಗೋಡೆಯ ಭೂಪಟವನ್ನು ನಂಬಬೇಡಿ, ಮಕ್ಕಳ ಗ್ಲೋಬ್ ತನ್ನಿ. ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಟಿಬೆಟ್, ಚೀನಾ, ಸೈಬೀರಿಯಾಗಳನ್ನು ದಾಟಿ ಆರ್ಕ್ಟಿಕ್ ಅಂಚಿಗೆ ಏರಿ, ಅಲಾಸ್ಕದ ಮೇಲಿಂದ ಇಳಿಯುತ್ತದೆ. ಈಗ ಆ ದಾರವನ್ನೂ ಸಮಭಾಜಕ ವೃತ್ತವನ್ನೂ ಅಳೆಯಿರಿ. ವೃತ್ತ 80 ಸೆಂ.ಮೀ., ದಾರ 28 ಸೆಂ.ಮೀ. ಬಂದರೆ, 28ನ್ನು 80ರಿಂದ ಭಾಗಿಸಿ ಭೂಮಿಯ ಸುತ್ತಳತೆಯಾದ 40,000 ಕಿ.ಮೀ.ಯಿಂದ ಗುಣಿಸಿ: 14,000 ಕಿ.ಮೀ. ಅಕ್ಷಾಂಶ, ರೇಖಾಂಶ ಹಿಡಿದು ತ್ರಿಕೋನಮಿತಿಯಲ್ಲಿ ಲೆಕ್ಕ ಹಾಕಿದರೂ ಭೂಮಿಯ ಕೇಂದ್ರದಲ್ಲಿ ಎರಡು ನಿಲ್ದಾಣಗಳ ನಡುವಿನ ಕೋನ 125.8 ಡಿಗ್ರಿ, ಅಂದರೆ ಸುಮಾರು 13,990 ಕಿ.ಮೀ. ದಾರಕ್ಕೆ ಇಷ್ಟು ನಿಖರತೆ ಸಾಲದೇ!

ಆದರೆ ವಿಮಾನ ದಾರದ ಮೇಲೆಯೇ ಹಾರುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗನೆ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಸಾಮಾನ್ಯವಾಗಿ ಅದನ್ನು ಸುತ್ತಿಬಳಸಿ ಹೋಗುತ್ತಾರೆ. ಯುದ್ಧದಿಂದ ಮುಚ್ಚಿದ ಆಕಾಶ, ಬೀಸುವ ಗಾಳಿ, ಇವೂ ದಾರಿ ಬದಲಿಸುತ್ತವೆ. ಈ ಎರಡು ಊರುಗಳ ನಡುವೆ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಉತ್ತರ ಧ್ರುವದ ಮೇಲಿಂದಲೇ ಹಾರಿ 2021ರ ಜನವರಿ 11ರಂದು ಬೆಂಗಳೂರಿನಲ್ಲಿ ಇಳಿದಿತ್ತು.

ಇನ್ನು ಹೊತ್ತು. ದೂರವನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಏರುವ, ಇಳಿಯುವ, ರನ್‌ವೇಯಲ್ಲಿ ಕಾಯುವ ಹೊತ್ತು, ಬಳಸುದಾರಿ ಎಲ್ಲ ಸೇರಿಸಿ ಹದಿನೇಳು ಎನ್ನಿ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ದೂರವೇ ಸುಮಾರು 16,500 ಕಿ.ಮೀ.; ಅಲ್ಲಿ ಕಾಯುವುದು ಬೇರೆ. ಅಗ್ಗದ ಟಿಕೆಟ್ ಕೊಳ್ಳುವ ಮುನ್ನ ಇದನ್ನು ಕೂಡಿಸಿ ನೋಡಿ.

ಕೊನೆಗೆ ಗಡಿಯಾರ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಮಧ್ಯಾಹ್ನ 2ಕ್ಕೆ ಹದಿನೇಳು ಕೂಡಿಸಿದರೆ ನಮ್ಮ ಮರುದಿನ ಬೆಳಗಿನ 7; ಅದರಿಂದ ಹದಿಮೂರೂವರೆ ಕಳೆದರೆ ಹಿಂದಿನ ಸಂಜೆ 5.30. ಟಿಕೆಟ್ ಸುಳ್ಳು ಹೇಳಿರಲಿಲ್ಲ.

ಬರುವಾಗ ಮಾತ್ರ ಇದರ ಬಡ್ಡಿ ತೆರಬೇಕು. ಚಳಿಗಾಲದ ಶನಿವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಬೆಂಗಳೂರಿನಲ್ಲಿ ಸೋಮವಾರ ನಸುಕಿನ 4 ಗಂಟೆ. ಕರೆದೊಯ್ಯಲು ಬರುವವರಿಗೆ ಗಂಟೆಯ ಜೊತೆ ವಾರವನ್ನೂ ಬಿಡಿಸಿ ಹೇಳಿ. ಇಲ್ಲವಾದರೆ ಅವರು ಭಾನುವಾರವೇ ಬಂದು ನಿಂತಿರುತ್ತಾರೆ.