ಹೊಸಿಲು ದಾಟಿದ ಹೊತ್ತಿನಿಂದ ಲೆಕ್ಕ

ನನ್ನ ಮನೆ ಕೆಂಗೇರಿ ಉಪನಗರದಲ್ಲಿ. ಕೆಲಸ ವೈಟ್‌ಫೀಲ್ಡ್ ಕಡೆ, ಐಟಿಪಿಎಲ್ ಎಂಬ ಐಟಿ ಪಾರ್ಕ್ ಹತ್ತಿರ. ಬೆಂಗಳೂರಿನ ಈ ತುದಿಯಿಂದ ಆ ತುದಿ. ‘ಹೋಗೋಕೆ ಎಷ್ಟು ಹೊತ್ತಾಗತ್ತೆ?’ ಎಂದು ಯಾರಾದರೂ ಕೇಳಿದರೆ ‘ಎರಡು ಗಂಟೆ’ ಅನ್ನುತ್ತಿದ್ದೆ. ಆ ಲೆಕ್ಕ ತಪ್ಪು ಎಂದು ಗೊತ್ತಾಗಿದ್ದು ಬರೆದಿಡಲು ಶುರು ಮಾಡಿದ ಮೇಲೆ.

2023ರ ಜನವರಿಯಲ್ಲಿ ಒಂದು ಪುಟ್ಟ ನೋಟ್‌ಬುಕ್ ಬ್ಯಾಗಿನಲ್ಲಿ ಇಟ್ಟುಕೊಂಡೆ. ದಿನಕ್ಕೆ ನಾಲ್ಕೇ ಸಾಲು: ಹೊಸಿಲು ದಾಟಿದ್ದು, ಮೊದಲ ಗಾಡಿ ಹತ್ತಿದ್ದು, ಕೊನೆಯ ಗಾಡಿ ಇಳಿದಿದ್ದು, ಆಫೀಸಿನ ಕುರ್ಚಿಯಲ್ಲಿ ಕೂತಿದ್ದು. ಆಗ ಮೆಜೆಸ್ಟಿಕ್‌ವರೆಗೆ ಮೆಟ್ರೋ, ಅಲ್ಲಿಂದ 335ಇ ಬಸ್. ಮಾರತಹಳ್ಳಿಯಿಂದ ಕುಂದಲಹಳ್ಳಿ ಗೇಟ್ ಕಡೆ ಬಸ್ ನಿಂತರೆ ನಿಂತ ಹಾಗೇ. ಆ ತಿಂಗಳ ಒಳ್ಳೆಯ ದಿನ 1 ಗಂಟೆ 55 ನಿಮಿಷ, ಕೆಟ್ಟ ದಿನ 2 ಗಂಟೆ 50 ನಿಮಿಷ. ನಾನು ಮನೆ ಬಿಡುತ್ತಿದ್ದದ್ದು ಆ ಕೆಟ್ಟ ದಿನಕ್ಕೆ ಹೆದರಿ. 9.30ಕ್ಕೆ ಹಾಜರಿ, ಮೂರು ಸಲ ತಡವಾದರೆ ಅರ್ಧ ದಿನದ ರಜೆ ಕಟ್. ಹಾಗಾಗಿ 6.40ಕ್ಕೇ ಹೊರಡುತ್ತಿದ್ದೆ. ರಸ್ತೆ ಖಾಲಿ ಇದ್ದ ದಿನ ಸುಮ್ನೆ ಒಂದು ಗಂಟೆ ಆಫೀಸಿನಲ್ಲಿ ಒಬ್ಬಳೇ ಕೂತಿರುತ್ತಿದ್ದೆ. ಆ ಗಂಟೆಯೂ ಪ್ರಯಾಣದ ಲೆಕ್ಕಕ್ಕೇ ಸೇರಬೇಕು ಅಲ್ವಾ?

ಮಾರ್ಚ್‌ನಲ್ಲಿ ಕೆ.ಆರ್.ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋ ಶುರುವಾಯಿತು. ಆದರೆ ಬೈಯಪ್ಪನಹಳ್ಳಿಯಿಂದ ಕೆ.ಆರ್.ಪುರದವರೆಗೆ ಸುಮಾರು 2 ಕಿಲೋಮೀಟರ್ ಇನ್ನೂ ಕೂಡಿರಲಿಲ್ಲ. ಬೈಯಪ್ಪನಹಳ್ಳಿಯಲ್ಲಿ ಇಳಿದು ಫೀಡರ್ ಬಸ್ ಹತ್ತಬೇಕು, ಟಿನ್ ಫ್ಯಾಕ್ಟರಿ ಜಂಕ್ಷನ್ ದಾಟಬೇಕು. ನೋಟ್‌ಬುಕ್ ನೋಡಿದರೆ ಆ ತುಂಡಿಗೆ ಒಂದು ದಿನ 10 ನಿಮಿಷ, ಇನ್ನೊಂದು ದಿನ 35. ಎರಡು ಸಲ ನಡೆದೂ ನೋಡಿದೆ. ಧೂಳು, ಹೊಗೆ, ಕಾಲಿಡಲು ಜಾಗವಿಲ್ಲ. ಉಳಿದ ಅಷ್ಟೂ ದೂರಕ್ಕೆ ಮೆಟ್ರೋದಲ್ಲಿ ಹೆಚ್ಚೆಂದರೆ ಮೂರು ನಿಮಿಷದ ವ್ಯತ್ಯಾಸ.

2023ರ ಅಕ್ಟೋಬರ್ 9ರಂದು ಆ ತುಂಡೂ ಕೂಡಿತು. ಈಗ ಆಫೀಸಿನ ಹತ್ತಿರದ ಪಟ್ಟಂದೂರು ಅಗ್ರಹಾರ ನಿಲ್ದಾಣದವರೆಗೆ ಒಂದೇ ರೈಲು. ಒಳ್ಳೆಯ ದಿನ 1 ಗಂಟೆ 45 ನಿಮಿಷ, ಕೆಟ್ಟ ದಿನ 1 ಗಂಟೆ 55. ಒಳ್ಳೆಯ ದಿನಗಳನ್ನು ಹೋಲಿಸಿದರೆ ಉಳಿದದ್ದು ಹತ್ತೇ ನಿಮಿಷ. ಆದರೆ ಮನೆ ಬಿಡುವುದು 6.40ರಿಂದ 7.30ಕ್ಕೆ ಬಂತು. ಮಗಳಿಗೆ ಅಷ್ಟು ದಿನ ಅತ್ತೆಯವರೇ ಜಡೆ ಹಾಕುತ್ತಿದ್ದರು. ಈಗ ನಾನೇ ಹಾಕುತ್ತೇನೆ. 2011ರ ಜನಗಣತಿಯಲ್ಲಿ ಕೆಲಸದ ಜಾಗ ಎಷ್ಟು ದೂರ, ಯಾವುದರಲ್ಲಿ ಹೋಗುತ್ತೀರಿ ಎಂದು ಕೇಳಿದ್ದರು. ಎಷ್ಟು ಹೊತ್ತು ಎಂಬ ಪ್ರಶ್ನೆ ಇರಲಿಲ್ಲ. ಅದನ್ನೂ ಕೇಳಬೇಕು ಅನ್ನುವುದು ನನ್ನ ಆಸೆ.

2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90 ಆಯಿತು. ಹೋಗಿಬರಲು 180. ತಿಂಗಳಿಗೆ 22 ದಿನ ಎಂದರೆ 3,960. ಕಾರ್ಡ್ ಇದ್ದರೆ ಶೇ. 5 ಕಡಿಮೆ, ಬೆಳಗ್ಗೆ 8ರೊಳಗೆ ಒಳಹೋದರೆ ಇನ್ನೊಂದು ಶೇ. 5. ನಾನು 7.42ಕ್ಕೆ ಗೇಟ್ ದಾಟುತ್ತೇನೆ, ಹಾಗಾಗಿ ಬೆಳಗಿನ ರಿಯಾಯಿತಿ ಸಿಗತ್ತೆ.

ನಮ್ಮ ಆಫೀಸಿನ ಹೌಸ್‌ಕೀಪಿಂಗ್‌ನ ಒಬ್ಬರು ನಾಯಂಡಹಳ್ಳಿಯಿಂದ ಬರುತ್ತಾರೆ. ದರ ಏರಿದ ಮೇಲೆ ಅವರು ಪೂರ್ತಿ ಬಸ್ಸಿಗೆ ಮರಳಿದರು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ‘ದುಡ್ಡು ಉಳಿಯತ್ತೆ ಮೇಡಂ, ನಿದ್ದೆ ಹೋಗತ್ತೆ ಅಷ್ಟೇ’ ಅಂದರು. ಅವರ ಹೊತ್ತನ್ನೂ ಒಂದು ತಿಂಗಳು ಬರೆದೆ. ಕೆಟ್ಟ ದಿನ 2 ಗಂಟೆ 40 ನಿಮಿಷ. ಅವರ ಹಾಜರಿ 8.30ಕ್ಕೆ. ಅಂದರೆ ಬೆಳಗ್ಗೆ 6ಕ್ಕೆ ಮೊದಲೇ ಮನೆ ಬಿಡಬೇಕು, ಅದಕ್ಕೂ ಮೊದಲು ಅಡುಗೆ ಆಗಬೇಕು. ಆ ಪುಟಗಳನ್ನು ಅವರ ಸೂಪರ್‌ವೈಸರ್‌ಗೆ ತೋರಿಸಿದೆ. ಅರ್ಧ ಗಂಟೆ ತಡವಾಗಿ ಬರಲು ಬಿಡಿ ಎಂದು ಕೇಳಿದೆ. ಕಾಲು ಗಂಟೆ ಸಿಕ್ಕಿದೆ. ಇನ್ನು ಕಾಲು ಗಂಟೆಗೆ ಮತ್ತೆ ಕೇಳುತ್ತೇನೆ.