ಫಂಕ್ ತಂಡದಲ್ಲಿ ಡಿಡ್ಜೆರಿಡೂ: ನನ್ನ ಅನುಭವ

ಮೆಲ್ಬರ್ನ್‌ನಲ್ಲಿರುವ ನಮ್ಮ ಚಿಕ್ಕ ಫಂಕ್ (ತಾಳಕ್ಕೆ ಒತ್ತು ಕೊಡುವ ಕುಣಿತದ ಸಂಗೀತ) ತಂಡಕ್ಕೆ ಆಸ್ಟ್ರೇಲಿಯದ ಮೂಲನಿವಾಸಿಗಳ ಊದುವಾದ್ಯ ಡಿಡ್ಜೆರಿಡೂ ಸೇರಿಸಬೇಕೆಂಬ ಆಸೆ ನನ್ನಲ್ಲಿ ಹುಟ್ಟಿದ್ದು, ಲಂಡನ್ನಿನ ಜಮಿರೊಕ್ವಾಯ್ ತಂಡದ 1993ರ ಮೊದಲ ಆಲ್ಬಮ್‌ನಲ್ಲಿ ವಾಲಿಸ್ ಬ್ಯುಕನನ್ ಅದನ್ನು ನುಡಿಸಿರುವುದನ್ನು ಕೇಳಿದ ಮೇಲೆ.

ಗೆದ್ದಲು ಒಳತಿರುಳನ್ನು ತಿಂದು ಪೊಳ್ಳಾದ ನೀಲಗಿರಿ ಜಾತಿಯ ಕಾಂಡವೇ ಈ ವಾದ್ಯ. ಬಾಯಿಡುವ ತುದಿಗೆ ಜೇನುಮೇಣ ಮೆತ್ತಿರುತ್ತಾರೆ. ಬೆರಳಿಡಲು ರಂಧ್ರಗಳಿಲ್ಲದ್ದರಿಂದ ಪ್ರತಿಯೊಂದು ಕೊಳವೆಗೂ ಒಂದೇ ಮೂಲಸ್ವರ. ನನ್ನದು 'ಡಿ' ಶ್ರುತಿಯದು, ಸೆಕೆಂಡಿಗೆ ಸುಮಾರು 73 ಕಂಪನ. ನಮ್ಮ ಹಾಡು 'ಇ' ಶ್ರುತಿಯಲ್ಲಿದ್ದುದರಿಂದ ಮೊದಲ ತಾಲೀಮಿನಲ್ಲಿ ಕೇಳಿಸಿದ್ದು ಬರೀ ಅಪಸ್ವರ. ತುಟಿ ಬಿಗಿದು ಸ್ವರವನ್ನು ಅಷ್ಟು ದೂರ ಏರಿಸಲಾಗದು. ತಂಬೂರಿಗೆ ಗಾಯಕರು ಹೊಂದಿಕೊಳ್ಳುವುದನ್ನು ಕಂಡು ಬೆಳೆದ ನನಗೆ, ಕೊಳವೆಯ ಶ್ರುತಿಗೇ ಹಾಡನ್ನು ಇಳಿಸುವುದು ಸಹಜವೆನಿಸಿತು, ಗಾಯಕಿಯೂ ಒಪ್ಪಿದರು.

ಆದರೂ ನಾದ ಕಲಸಿಹೋಗುತ್ತಿತ್ತು. ಬೇಸ್ ಗಿಟಾರಿನ 'ಡಿ' ತಂತಿಯನ್ನು ಒತ್ತದೆ ಮೀಟಿದರೆ ಬರುವುದೂ ಅದೇ 73 ಕಂಪನದ ಸ್ವರ! ಆದ್ದರಿಂದ ನಾನು ಊದುವ ಕಡೆ ಬೇಸ್ ವಾದಕ ಆವರ್ತದ ಮೊದಲ ಪೆಟ್ಟನ್ನಷ್ಟೇ ಗಟ್ಟಿಯಾಗಿ ಮೀಟಿ, ಉಳಿದದ್ದನ್ನು ಮೇಲಿನ ಸ್ಥಾಯಿಗೆ ಒಯ್ಯುವುದೆಂದು ಗೊತ್ತುಮಾಡಿಕೊಂಡೆವು.

ನನಗೆ ಹೆಚ್ಚು ಕಾಲ ಹಿಡಿದದ್ದು ಉಸಿರಾಟ. ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರದೂಡುತ್ತಿರುವಾಗಲೇ ಮೂಗಿನಿಂದ ಚುರುಕಾಗಿ ಉಸಿರೆಳೆಯಬೇಕು. ಲೋಟದ ನೀರಿನಲ್ಲಿ ಸ್ಟ್ರಾ ಅದ್ದಿ, ಗುಳ್ಳೆ ನಿಲ್ಲದಂತೆ ಊದುತ್ತ ಇದನ್ನು ಸಾಧಿಸಿದೆ. ಉಸಿರೆಳೆದಾಗಲೆಲ್ಲ ನಾದ ಒಮ್ಮೆ ಪುಟಿಯುತ್ತದೆ. ಆ ಪುಟಿತವನ್ನು ಮುಚ್ಚಿಡುವ ಬದಲು, ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುವ ಸ್ನೇರ್ ಡ್ರಮ್ಮಿನ ಪೆಟ್ಟಿನ ಬೆನ್ನಿಗೇ ಕೂರಿಸಿದಾಗ ಕೊಳವೆ ಮೊದಲ ಬಾರಿಗೆ ತಾಳದೊಳಗೆ ಇಳಿಯಿತು. ಆ ಸಂಜೆಯ ಸಂತೋಷವನ್ನು ನಾನು ಮರೆಯಲಾರೆ.

ಉತ್ತರ ಆಸ್ಟ್ರೇಲಿಯದ ಅರ್ನಮ್ ಲ್ಯಾಂಡ್‌ನ ಈಶಾನ್ಯ ಭಾಗದ ಯೋಲ್ಙು ಜನ ಯಿಡಾಕಿ ಎಂದು ಕರೆಯುವ ಈ ವಾದ್ಯ ಅವರ ಆಚರಣೆಗಳ ಹಾಡಿನೊಂದಿಗೆ ಬೆಸೆದುಕೊಂಡಿದೆ. ಆ ನುಡಿಸಾಣಿಕೆಗಳನ್ನು ಎತ್ತಿಕೊಂಡು ಕುಣಿತದ ಹಾಡಿಗೆ ಜೋಡಿಸುವುದು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಾಗಿ ಬಾಲ್ಯದಲ್ಲಿ ಕಲಿತ 'ತಕಧಿಮಿ, ತಕಜುಣು' ಎಂಬ ಕೊನ್ನಕ್ಕೋಲನ್ನೇ (ಬಾಯಲ್ಲಿ ಹೇಳುವ ತಾಳದ ಸೊಲ್ಲುಗಳನ್ನೇ) ನಾಲಿಗೆಯಲ್ಲಿ ನುಡಿಯುತ್ತ ಊದಿ, ನನ್ನದೇ ನಡೆಯನ್ನು ಕಟ್ಟಿಕೊಂಡೆ.

ವೇದಿಕೆಯ ಮೇಲೆ ಮೈಕನ್ನು ಕೊಳವೆಯ ನಾದ ಹೊರಬರುವ ತುದಿಯಿಂದ ಒಂದು ಗೇಣು ದೂರದಲ್ಲಿ, ಗಾಳಿ ನೇರವಾಗಿ ಬಡಿಯದಂತೆ ತುಸು ಓರೆಯಾಗಿ ಇಡುತ್ತೇನೆ. ಎದುರಾಗಿಯೇ ಇಟ್ಟರೆ ಉಸಿರಿನ ಭುಸುಭುಸು ಸದ್ದಿನಲ್ಲಿ ನಾಲಿಗೆಯ ನುಡಿಗಳು ಅಳಿಸಿಹೋಗುತ್ತವೆ.