ಸಂಪಿಗೆ ಕಡ್ಡಿ ಕೊನೆಗೂ ಹಿಡಿಯಿತು

"ಗೌಡ್ರೇ, ಸಂಪಿಗೆ ಕಡ್ಡಿ ಹಿಡಿಯಲ್ಲ. ಸುಮ್ನೆ ಕವರ್, ಮಣ್ಣು ದಂಡ." ಮೂಡಿಗೆರೆ ಕಡೆ ನಾನು ಕೇಳಿದ ನರ್ಸರಿಯವರೆಲ್ಲ ಇದನ್ನೇ ಹೇಳಿದ್ದರು. ಈಗ ನಮ್ಮ ಕಾಫಿ ಕಣದ ಪಕ್ಕ ಅದೇ ಕಡ್ಡಿಯ ಎರಡು ಗಿಡ ಹೂ ಬಿಟ್ಟಿವೆ. ಹಚ್ಚಿ ಇದು ನಾಲ್ಕನೇ ವರ್ಷ. ಬೀಜದ ಗಿಡವಾಗಿದ್ದರೆ ಇನ್ನೂ ಕಾಯುತ್ತಾ ಕೂತಿರುತ್ತಿದ್ದೆ.

ಮೊದಲ ಸಲ ಆರಿದ್ರಾ ಮಳೆಯಲ್ಲಿ ನೂರು ಕಡ್ಡಿ ಹಚ್ಚಿದೆ. ದಾಸವಾಳಕ್ಕೆ ಆಗುತ್ತೆ, ಇದಕ್ಕೂ ಆಗುತ್ತೆ ಅಂದುಕೊಂಡೆ. ಇಪ್ಪತ್ತೇ ದಿನಕ್ಕೆ ಬುಡ ಕಪ್ಪಗಾಗಿ ಎಲ್ಲಾ ಕೊಳೆತವು. ಎರಡನೇ ವರ್ಷ ಇನ್ನೂ ಪಜೀತಿ. ಕಡ್ಡಿ ಚಿಗುರಿದವು, ನಾನು ಊರಿಗೆಲ್ಲ ಹೇಳಿಕೊಂಡು ಬಂದೆ. ಪಕ್ಕದ ತೋಟದ ಅಣ್ಣ ಬಂದು ಒಂದನ್ನು ಎಳೆದರು, ಸಲೀಸಾಗಿ ಕೈಗೆ ಬಂತು. ಬೇರೇ ಇಲ್ಲ! ಕಡ್ಡಿಯೊಳಗಿನ ಸತ್ವದಲ್ಲೇ ಚಿಗುರಿತ್ತು ಅಷ್ಟೆ. ಆ ವರ್ಷವೇ ಬೇರು ಬರಿಸುವ ಐಬಿಎ ಹಾರ್ಮೋನ್ ಪುಡಿಗೂ ದುಡ್ಡು ಸುರಿದಿದ್ದೆ. ನೀರಿಗೆ ಹಾಕಿದರೆ ಕರಗದೆ ಮೇಲೆ ತೇಲುತ್ತಿತ್ತು. ಮೊದಲು ಸ್ಪಿರಿಟ್‌ನಲ್ಲಿ ಕರಗಿಸಬೇಕು ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ಬಾಟಲಿ ಖಾಲಿ. ಎಲ್ಲಾ ಸೇರಿ ಎಂಟು-ಒಂಬತ್ತು ಸಾವಿರ ಹೋಗಿರಬೇಕು. ಮನೆಯಲ್ಲಿ ಲೆಕ್ಕ ಹೇಳಿಲ್ಲ.

ಮೂರನೇ ಸಲ ಸಿ×ಆರ್ ಅನ್ನೋ ರೊಬಸ್ಟಾ ಕಾಫಿ ತಳಿಯ ಕಡ್ಡಿಗೆ ತೋಡಿದ್ದ ಟ್ರೆಂಚನ್ನೇ ಬಳಸಿದೆ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಗುಂಡಿ ಅದು. ದೊಡ್ಡ ಮರದ ಕೊಂಬೆ ಮುಟ್ಟಲಿಲ್ಲ. ಒಂದು ಕಸಿ ಗಿಡದ ತಲೆ ಸವರಿ, ಬಂದ ಚಿಗುರು ಪೆನ್ಸಿಲ್ ದಪ್ಪ ಆದಾಗ ಕತ್ತರಿಸಿದೆ. ಕಸಿ ಗಂಟಿನ ಮೇಲಿನದು ಮಾತ್ರ. ಕೆಳಗಿನದು ತೆಗೆದರೆ ಅದು ಬೀಜದ ಗಿಡವೇ, ಅಲ್ವಾ? ಮಳೆಗಾಲ ಬಿಟ್ಟು ಶಿವರಾತ್ರಿ ಕಳೆದ ಮೇಲೆ ಹಚ್ಚಿದೆ. ಆಗ ಮಣ್ಣು ಬೆಚ್ಚಗಿರುತ್ತೆ, ಬೂಸ್ಟಿನ ಕಾಟ ಕಡಿಮೆ. ಐಬಿಎ ರೊಬಸ್ಟಾಗಿಂತ ಗಟ್ಟಿ ಬೇಕು. ಎಷ್ಟು ಗಟ್ಟಿ ಅಂತ ಮಾತ್ರ ಕೇಳಬೇಡಿ. ಮರಳಿಗೆ ಇನ್ನೊಂದು ವಸ್ತು ಬೆರೆಸುತ್ತೇನೆ, ಅದೂ ನನ್ನ ಹತ್ತಿರವೇ ಇರಲಿ.

ಎರಡೂವರೆ ತಿಂಗಳಿಗೆ ಒಂದು ಕವರ್ ಸೀಳಿದೆ. ಬಿಳೀ ಬೇರು, ಶಾವಿಗೆ ಎಳೆಯ ಹಾಗೆ. ಬೆರಳು ತಾಗಿದರೆ ಪಟ್ ಅಂತ ಮುರಿಯುತ್ತೆ. ಖುಷಿಗೆ ಇನ್ನೊಂದು, ಮತ್ತೊಂದು ಅಂತ ಸೀಳಿ ಹತ್ತು ಗಿಡ ನಾನೇ ಕೊಂದೆ. 120ರಲ್ಲಿ 70ರ ಹತ್ತಿರ ಉಳಿದವು.

ದೇವಕಣಗಿಲೆಯದ್ದು ಬೇರೆಯೇ ಕಥೆ. ಹಾಲು ಆರಲಿ ಅಂತ ನಾಲ್ಕು ಕಡ್ಡಿ ಅಟ್ಟಕ್ಕೆ ಹಾಕಿದ್ದೆ, ಮರೆತೇ ಹೋಯ್ತು. ತಿಂಗಳಾದ ಮೇಲೆ ಸುಕ್ಕುಗಟ್ಟಿದ್ದನ್ನೇ ನೆಟ್ಟರೆ ಮೂರು ಬಂದವು! ಪಾರಿಜಾತವೂ ಅರ್ಧಕ್ಕರ್ಧ ಹಿಡಿಯಿತು, ಆದರೆ ಕೊಳ್ಳುವವರಿಲ್ಲ.

ಪೇಟೆಯಲ್ಲಿ ಸಂಪಿಗೆ ಕಸಿ ಗಿಡ 200 ದಾಟಿದೆ. ನಾನು 150ಕ್ಕೆ ಕೊಡುತ್ತೇನೆ. ಅವತ್ತು ಕಡ್ಡಿ ಎಳೆದ ಅಣ್ಣ ಹೋದ ತಿಂಗಳು ಹತ್ತು ಗಿಡ ಒಯ್ದರು. ಚೌಕಾಸಿ ಮಾಡಲು ನೋಡಿದರು, ಬಿಡಲಿಲ್ಲ.

ಟ್ರೆಂಚಿನಿಂದ ಹೊರಗೆ ತೆಗೆದ ವಾರದಲ್ಲಿ ಈಗಲೂ ಹತ್ತಕ್ಕೊಂದು ಬಾಡುತ್ತೆ. ಗಿಡ ಹೊರಗಿನ ಗಾಳಿಗೆ ಒಗ್ಗಲಿ ಅಂತ ಈ ಸಲ ಟ್ರೆಂಚಿನ ಹಾಳೆಯನ್ನು ದಿನಕ್ಕೆ ಒಂದು ಗೇಣಿನಂತೆ ಸರಿಸಿ ನೋಡುತ್ತಿದ್ದೇನೆ.